ಗಂಗಾವಳಿ ನೆರೆಗೆ ತಡೆಗೋಡೆ: ದುಡ್ಡು ಯಾವ ಹೆಡ್ಡಲ್ಲಿ ಕೇಳೋಣ?

ಹೊಳೆಸಾಲಿನವ:
ಮಳೆ ಹಿಡಿಯೋ ಮೊದ್ಲು ಇದೊಂದು ತೀರ್ಮಾನ ಆಗ್ಬೇಕು. 2019ರಲ್ಲಿ ಒಮ್ಮೆ, 2021ರಲ್ಲಿ ಮತ್ತೊಮ್ಮೆ ಗಂಗಾವಳಿ ಉಕ್ಕಿ ಅಂಕೋಲೆ ಕಡೆ ಹೊಳೆಸಾಲಿನ ಊರೆಲ್ಲ ಮುಳುಗಿದ್ದು ಯಾರೂ ಮರ್ತಿಲ್ಲ. ಪ್ರತಿ ಸಲ ಮನವಿ ಕೊಡ್ತೇವೆ, ಫೋಟೊ ಪೇಪರಲ್ಲಿ ಬರ್ತದೆ, ಅಲ್ಲಿಗೆ ಮುಗೀತು. ಈ ಸಲ ಎಲ್ಲ ಪಂಚಾಯ್ತಿಯವ್ರೂ ಸೇರಿ ದಂಡೆಗೆ ಕಾಂಕ್ರೀಟ್ ತಡೆಗೋಡೆ ಬೇಕು ಅಂತ ಶಾಸಕರಿಗೂ ಉಸ್ತುವಾರಿ ಸಚಿವರಿಗೂ ಕೊಡುವಾ ಅಂತ. ಏನಂತೀರಿ?

ಎಸ್ಟಿಮೇಟ್ ಭಟ್:
ಕೊಡಿ, ಬೇಡ ಅನ್ನೋದಿಲ್ಲ, ಆದ್ರೆ ಬರೀ ಮನವಿಗೆ ದುಡ್ಡು ಬರೋದಿಲ್ಲ ತಮ್ಮಾ. ನೆರೆ ಬಂದ್ಮೇಲೆ ಕೊಡೋ ಪರಿಹಾರದ ದುಡ್ಡು ಬೇರೆ, ನೆರೆ ಬರದ ಹಾಗೆ ಮಾಡೋ ಕೆಲಸದ ದುಡ್ಡು ಬೇರೆ. 15ನೇ ಹಣಕಾಸು ಆಯೋಗ ವಿಪತ್ತಿನ ದುಡ್ಡಲ್ಲಿ ನೂರಕ್ಕೆ 20 ಪಾಲು ತಗ್ಗಿಸುವಿಕೆಗೆ, ಅಂದ್ರೆ ಮಿಟಿಗೇಶನ್ ಫಂಡಿಗೆ ಅಂತಲೇ ತೆಗೆದಿಡ್ಬೇಕು ಅಂತ ಹೇಳಿತ್ತು. ನಮ್ಮವ್ರು ಕೇಳೋದೆಲ್ಲ ಉಳಿದ 80ರಲ್ಲಿ, ಅದೂ ಮನೆ ಒಳಗೆ ನೀರು ಬಂದ್ಮೇಲೆ. ಇನ್ನು ಕೇಂದ್ರದ ಪ್ರವಾಹ ನಿರ್ವಹಣೆ ಯೋಜನೆ ಒಂದಿದೆ, ನಮ್ಮಂಥ ರಾಜ್ಯಕ್ಕೆ ಕೇಂದ್ರ 60, ರಾಜ್ಯ 40. ಅದಕ್ಕೆ ಡಿಪಿಆರ್, ಅಂದ್ರೆ ಕೆಲಸದ ಪೂರ್ತಿ ವಿವರದ ಯೋಜನಾ ವರದಿ, ಬೇಕೇ ಬೇಕು, ಸೆಂಟ್ರಲ್ ವಾಟರ್ ಕಮಿಷನ್ ನೋಡ್ತದೆ, ಖರ್ಚಿಗಿಂತ ಲಾಭ ಜಾಸ್ತಿ ಅಂತ ಲೆಕ್ಕದಲ್ಲಿ ತೋರಿಸ್ಬೇಕು.

ಹಿಲ್ಲೂರ್ ಹುಡುಗ:
ಲಾಭ ಅಂದ್ರೆ ಎಂತದು ಭಟ್ರೇ? ಜೀವ ಉಳಿಯೋದಕ್ಕೂ ಲೆಕ್ಕ ಕೊಡ್ಬೇಕಾ?

ಎಸ್ಟಿಮೇಟ್ ಭಟ್:
ಸಿಟ್ಟಾಗ್ಬೇಡ. ಗೋಡೆ ಕಟ್ಟಿದ್ರೆ ವರ್ಷಕ್ಕೆ ಎಷ್ಟು ಹಾನಿ ತಪ್ತದೆ ಅನ್ನೋದೇ ಅಲ್ಲಿ ಲಾಭ. ನಾವು ಸೋಲೋದು ಇಲ್ಲೇ. ಹಾನಿ ಎಷ್ಟು ಅಂತ ಕೇಳಿದ್ರೆ ಆಫೀಸಿನವ್ರು ಪರಿಹಾರ ಕೊಟ್ಟ ಪಟ್ಟಿ ತೆಗೀತಾರೆ. ಆಗಿನ ಕೇಂದ್ರದ ಮಾನದಂಡ ಅಡಿಕೆಯಂಥ ಬೆಳೆಗೆ ಹೆಕ್ಟೇರಿಗೆ 18 ಸಾವಿರ, ಅದೂ 2 ಹೆಕ್ಟೇರ್ ತನಕ ಮಾತ್ರ. ಮನೆಗೆ ನೀರು ನುಗ್ಗಿದವ್ರಿಗೆ 2019ರಲ್ಲಿ ರಾಜ್ಯ ಕೊಟ್ಟಿದ್ದು 10 ಸಾವಿರ. ನಿಜವಾಗಿ ಹೋಗಿದ್ದು ಅಷ್ಟೇನಾ? ತೋಟಕ್ಕೆ ಬಿದ್ದ ಮರಳು ತೆಗ್ಸಿದ ಕೂಲಿ, ಸತ್ತ ದನ, ಕೊಚ್ಚಿಹೋದ ಪಂಪ್‌ಸೆಟ್ಟು, ಸಸಿ ನೆಟ್ಟು ಮತ್ತೆ ಫಸಲು ಬರೋ ತನಕದ ವರ್ಷಗಳು, ಇದ್ಯಾವುದೂ ಆ ಪಟ್ಟಿಯಲ್ಲಿ ಪೂರ್ತಿ ಬರೋದಿಲ್ಲ. ಪರಿಹಾರದ ಮೊತ್ತವನ್ನೇ ಹಾನಿ ಅಂತ ಹಿಡಿದ್ರೆ ಯಾವ ಗೋಡೆಯೂ ಲೆಕ್ಕದಲ್ಲಿ ಪಾಸಾಗೋದಿಲ್ಲ. ಅದಕ್ಕೆ ಮೊದಲ ಕೆಲಸ ಮನೆಮನೆಯ ಹಾನಿ ಪಟ್ಟಿ, ಸರ್ವೆ ನಂಬರ್ ಹಾಕಿ, ನೀರು ಗೋಡೆ ಮೇಲೆ ಎಲ್ಲಿ ತನಕ ಬಂದಿತ್ತು ಅನ್ನೋ ಗುರುತಿನ ಸಮೇತ.

ಉಳುವರೆ ಕಡೆಯವ:
ನಿಮ್ಮ ದಂಡೆಗೆ ಗೋಡೆ ಬಂದ್ರೆ ನೀರು ಎಲ್ಲಿ ಹೋಗ್ತದೆ ಅಂತ ಯಾರಾದ್ರೂ ಯೋಚ್ನೆ ಮಾಡಿದ್ರಾ? ನಮ್ಮ ದಂಡೆಗೆ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಹೊಳೆಗೆ ಬಿದ್ದಾಗ ಆಚೆ ಮಣ್ಣು ಬಿದ್ದಿದ್ದು, ಈಚೆ ನೀರು ಎದ್ದು ಬಡಿದಿದ್ದು ಉಳುವರೆಯ ಮನೆಗಳಿಗೆ. ಒಂದು ದಂಡೆಯಲ್ಲಾದದ್ದು ಇನ್ನೊಂದು ದಂಡೆಗೆ ಹೇಗೆ ತಟ್ಟುತ್ತೆ ಅಂತ ನಮಗೆ ಯಾರೂ ಹೇಳಿಕೊಡೋದು ಬೇಡ. ಒಂದೇ ಕಡೆ ಗೋಡೆ ಅಂತ ಮನವಿ ಹೋದ್ರೆ ನಾವು ಆಕ್ಷೇಪಣೆ ಕೊಡ್ತೇವೆ, ಈಗ್ಲೇ ಹೇಳ್ತಿದ್ದೇನೆ.

ಹೊಳೆಸಾಲಿನವ:
ಅಣ್ಣಾ, ನಿಮಗೆ ತೊಂದ್ರೆ ಮಾಡೋ ಉದ್ದೇಶ ಇಲ್ಲ. ಹಾಗಾದ್ರೆ ಹೂಳು ತೆಗ್ಸೋದನ್ನೇ ಮೊದ್ಲು ಕೇಳೋಣ್ವಾ?

ಗಜನಿ ಅಕ್ಕ:
ಹೂಳು ತೆಗ್ಸಿದ್ರೂ ಕೆಳಗೆ ನೀರು ಇಳೀಬೇಕಲ್ಲ. ಸಮುದ್ರಕ್ಕೆ ಭರತ ಇರುವಾಗ ಮಳೆ ಜೋರಾದ್ರೆ ಹೊಳೆ ನೀರು ಸಮುದ್ರಕ್ಕೆ ಹೋಗೋದೇ ಇಲ್ಲ, ನಮ್ಮ ಗಜನಿಯಲ್ಲೇ, ಅಂದ್ರೆ ಹೊಳೆಬಾಯಿಯ ತಗ್ಗು ಗದ್ದೆಯಲ್ಲೇ ನಿಲ್ತದೆ. ಉಪ್ಪುನೀರು ತಡೆಯೋ ಖಾರ್‌ಲ್ಯಾಂಡ್ ಒಡ್ಡು ಒಂದು ಕಡೆ ಒಡೆದ್ರೆ ಉಪ್ಪುನೀರು ಗದ್ದೆಗೆ ಬಂತು, ಕಗ್ಗ ಭತ್ತ ಒಂದಷ್ಟು ತಡ್ಕೊಳ್ತದೆ, ಬೇರೆ ಭತ್ತ ಹೋತದೆ. ಒಡ್ಡಿನ ಗೇಟುಗಳು ತುಕ್ಕು ಹಿಡಿದು ಏಳೋದೂ ಇಲ್ಲ, ಇಳಿಯೋದೂ ಇಲ್ಲ. ಇದಕ್ಕೆ ಕೋಟಿಗಟ್ಟಲೆ ಬೇಡ, ಸಣ್ಣ ನೀರಾವರಿಯವ್ರು ಮನಸ್ಸು ಮಾಡಿದ್ರೆ ಒಂದು ಬೇಸಿಗೆಯ ಕೆಲಸ. ದೊಡ್ಡ ಗೋಡೆ ಅಂತ ಕಾಯ್ತಾ ಕೂತ್ರೆ ಇದೂ ಹೋಗ್ತದೆ ಅಂತ ನನ್ನ ಹೆದರಿಕೆ.

ಎಸ್ಟಿಮೇಟ್ ಭಟ್:
ಅಕ್ಕ ಹೇಳಿದ್ದು ಸರಿ, ಗೇಟು ರಿಪೇರಿಯನ್ನ ಡಿಪಿಆರಿಗೆ ಸೇರಿಸಲೇಬಾರ್ದು, ಬೇರೆ ಎಸ್ಟಿಮೇಟ್ ಮಾಡ್ಸಿ ಈ ವರ್ಷವೇ ಕೇಳ್ಬೇಕು. ಹೂಳಿನ ವಿಷ್ಯ ಅಷ್ಟು ಸುಲಭ ಇಲ್ಲ. ಉಪ್ಪುನೀರು ಏರೋ ತನಕ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯ ಬರ್ತದೆ, ಅಲ್ಲಿ ಮರಳು ದಿಬ್ಬ ತೆಗಿಯೋದಕ್ಕೂ ಅನುಮತಿ ಬೇಕು. ಕಾಂಡ್ಲಾ, ಅಂದ್ರೆ ಮ್ಯಾಂಗ್ರೋವ್ ಗಿಡ ಇದ್ದಲ್ಲಿ ಮುಟ್ಟೂಕೇ ಆಗೋದಿಲ್ಲ. ಮೇಲೆ ಹೋದ್ರೆ ದಂಡೆ ಅರಣ್ಯ ಇಲಾಖೆದು. ಮತ್ತೆ ಈ ಹೊಳೆ ಧಾರವಾಡದ ಕಡೆಯಿಂದ ಕಲಘಟಗಿ, ಯಲ್ಲಾಪುರ ದಾಟಿ ಬರ್ತದೆ, ಬೇಡ್ತಿ ಅಂತ ಕರೀತಾರೆ ಅಲ್ಲಿ. ಅಂಕೋಲೆಯಲ್ಲಿ ಬಿಸಿಲಿದ್ರೂ ನೆರೆ ಬರ್ಬಹುದು. ಅದಕ್ಕೆ ಮಳೆ ಲೆಕ್ಕವನ್ನ ಮೇಲಿನ ಪಂಚಾಯ್ತಿಗಳದ್ದೂ ತರಿಸ್ಬೇಕು, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯ ಮಳೆಮಾಪಕ ಪಂಚಾಯ್ತಿ ಮಟ್ಟದಲ್ಲಿ ಇದೆ.

ಹಿಲ್ಲೂರ್ ಹುಡುಗ:
ಇಷ್ಟೆಲ್ಲ ಊರಿನವ್ರೇ ಮಾಡೋದಾದ್ರೆ ಇಲಾಖೆ ಎಂತಕ್ಕೆ? ಇಂಜಿನಿಯರಿಗೆ ಸಂಬಳ ಕೊಡೋದು ಯಾಕೆ?

ಎಸ್ಟಿಮೇಟ್ ಭಟ್:
ಡಿಪಿಆರ್ ಅವ್ರೇ ಮಾಡ್ಬೇಕು ಮಾರಾಯಾ, ಎರಡೂ ದಂಡೆಯ ಲೆವೆಲ್ ಸರ್ವೆ ಸಮೇತ. ನಮ್ಮ ಕೆಲಸ ಗ್ರಾಮಸಭೆಯಲ್ಲಿ ಠರಾವು, ಹಾನಿ ಪಟ್ಟಿ, ಅಷ್ಟೇ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಡಿಸಿಯೇ ಅಧ್ಯಕ್ಷರು, ಅಲ್ಲಿಂದ ಮಿಟಿಗೇಶನ್ ಫಂಡಿಗೆ ಪ್ರಸ್ತಾವನೆ ಹೋಗ್ಬೇಕು ಅಂತ ನೇರವಾಗಿ ಬರೀರಿ. ಶಾಸಕರ ಪತ್ರ ಅದರ ಜೊತೆಗೆ ಇರ್ಲಿ, ಅದರ ಬದ್ಲಿಗೆ ಬೇಡ.

ಉಳುವರೆ ಕಡೆಯವ:
ಠರಾವಲ್ಲಿ "ಎರಡೂ ದಂಡೆ" ಅಂತ ಬರೆದ್ರೆ ನಮ್ಮ ಕಡೆಯವ್ರೂ ಸಹಿ ಹಾಕ್ತಾರೆ. ಇಲ್ಲದಿದ್ರೆ ಇಲ್ಲ.

ಹೊಳೆಸಾಲಿನವ:
ಆಯ್ತು ಅಣ್ಣಾ, "ಎರಡೂ ದಂಡೆಯ ಸರ್ವೆ ಆದ್ಮೇಲೆ ಎಲ್ಲಿ ಗೋಡೆ, ಎಲ್ಲಿ ದಂಡೆಗೆ ಕಲ್ಲು ಹಾಸೋ ಪಿಚಿಂಗ್, ಎಲ್ಲಿ ಏನೂ ಬೇಡ ಅಂತ ತೀರ್ಮಾನ" ಅಂತಲೇ ಬರೀತೇನೆ. ಅಕ್ಕಾ, ಗೇಟು ಕೆಟ್ಟಿರೋ ಒಡ್ಡುಗಳ ಹೆಸರು, ಫೋಟೊ ಕಳ್ಸಿ, ಅದನ್ನ ಬೇರೆ ಅರ್ಜಿ ಮಾಡಿ ಮೊದ್ಲು ಕೊಡೋಣ. ಭಟ್ರೇ, ಹಾನಿ ಪಟ್ಟಿಗೆ ಒಂದು ನಮೂನೆ ಮಾಡಿಕೊಡ್ತೀರಾ?

ಎಸ್ಟಿಮೇಟ್ ಭಟ್:
ಈ ರಾತ್ರಿಯೇ ಹಾಕ್ತೇನೆ. ಬಿಲ್ಲು, ಪಂಚನಾಮೆ ಪ್ರತಿ ಇದ್ದವ್ರು ಈಗ್ಲೇ ಹುಡುಕಿಡಿ, ನೆರೆಯಲ್ಲಿ ಹೋಗಿದ್ರೆ ತಹಶೀಲ್ದಾರ್ ಕಚೇರಿಯಲ್ಲಿ ನಕಲು ಕೇಳಿ.