ಟೂತ್‌ಪೇಸ್ಟಿಗೆ ಕಬ್ಬಿಣ, ನಮಗೆ ಬಟ್ಟೆ

"ಮೂರ್ತಿಗಳೇ, ಈ ಸಲ ನೀವು ತಪ್ಪಿಸ್ಕೊಳ್ಳೋ ಹಾಗಿಲ್ಲ. ಜುಲೈನಲ್ಲಿ ಹತ್ತು ದಿನ. ಮೊಂಟಾನಾದ ಗ್ಲೇಸಿಯರ್ ಪಾರ್ಕ್, ಗಡಿ ದಾಟಿದರೆ ಕೆನಡಾದ ವಾಟರ್ಟನ್ ಪಾರ್ಕ್, ಅಲ್ಲಿಂದ ಬ್ಯಾಂಫ್. ಪೂರ್ತಿ ಕ್ಯಾಂಪಿಂಗ್!" ಕಿಟ್ಟಿ ಲ್ಯಾಪ್‌ಟಾಪ್ ತೆರೆದ. ಎಕ್ಸೆಲ್ ಹಾಳೆಯಲ್ಲಿ 140 ಸಾಲು. 27ನೇ ಸಾಲು: ಚೊಂಬು.

"ಅಂದರೆ ತಿಂಗಳು ತಿಂಗಳು ಕಂತು ಕಟ್ಟೋ ಮನೆಗೆ ಬೀಗ ಹಾಕಿ, ಇನ್ನೊಂದು ಕಡೆ ಬಾಡಿಗೆ ಕೊಟ್ಟು ನೆಲದ ಮೇಲೆ ಮಲಗೋದು."

"ಪ್ರಕೃತಿ ಜೊತೆ ಒಂದಾಗೋದು ಮೂರ್ತಿಗಳೇ!"

"ಅದಕ್ಕೆ ಆರು ತಿಂಗಳು ಮುಂಚೆನೇ ವೆಬ್‌ಸೈಟ್ ಮುಂದೆ ಕಣ್ಣು ಪಿಳುಕಿಸದೆ ಕೂತಿದ್ದೆಯಲ್ಲ. ಹಿಂದಿನ ಋಷಿಗಳು ಪುಣ್ಯವಂತರು. ಕಾಡಿಗೆ ಹೋಗೋಕೆ ರಿಸರ್ವೇಶನ್ ಇರಲಿಲ್ಲ."

ಪದ್ಮಕ್ಕ ಒಳಗಿಂದಲೇ ಕೂಗಿದರು. "ನಾನು ಪುಳಿಯೋಗರೆ ಗೊಜ್ಜು ಮಾಡ್ಕೊಂಡು ಬರ್ತೀನಪ್ಪ. ಟೆಂಟಲ್ಲಿ ತಲೆದೆಸೆಗೆ ಇಟ್ಕೊಂಡ್ರೆ ಕೈಗೆ ಸಿಗುತ್ತೆ."

ಕಿಟ್ಟಿ ಬೆಚ್ಚಿಬಿದ್ದ. "ಪದ್ಮಕ್ಕಾ! ಅಲ್ಲಿ ಗ್ರಿಜ್ಲಿ ಕರಡಿ ಇವೆ! ವಾಸನೆ ಬರೋದು ಯಾವುದೂ ಟೆಂಟಲ್ಲಿ ಇರಬಾರದು. ಗೊಜ್ಜು, ಸೋಪು, ಟೂತ್‌ಪೇಸ್ಟ್, ಎಲ್ಲಾ ಕಾರಿನೊಳಗೆ, ಇಲ್ಲಾ ಕ್ಯಾಂಪ್‌ಗ್ರೌಂಡಿನ ಕಬ್ಬಿಣದ ಪೆಟ್ಟಿಗೆಗೆ. ಅದರ ಚಿಲಕ ಕರಡಿ ಕೈಗೆ ತೆಗೆಯೋಕಾಗಲ್ಲ."

"ನಾವೆಲ್ಲಿ?" ಮೂರ್ತಿ ಕೇಳಿದರು.

"ಟೆಂಟಲ್ಲಿ."

"ಟೆಂಟು ಯಾತರದ್ದು?"

"ನೈಲಾನ್."

ಮೂರ್ತಿ ಕಾಫಿ ಲೋಟ ಕೆಳಗಿಟ್ಟರು. "ಟೂತ್‌ಪೇಸ್ಟಿಗೆ ಕಬ್ಬಿಣ, ನಮಗೆ ಬಟ್ಟೆ. ಟೂತ್‌ಪೇಸ್ಟ್ ಹೋದರೆ ಇನ್ನೊಂದು ಟ್ಯೂಬ್ ಸಿಗುತ್ತೆ ಕಣೋ, ನನ್ನಂಥವನು ಅಂಗಡೀಲಿ ಸಿಗಲ್ಲ!"

"ಕರಡಿಗೆ ಬೇಕಿರೋದು ಆಹಾರ. ನಾವಲ್ಲ."

"ಹಾಗಂತ ನೀನು ತಿಳ್ಕೊಂಡಿದ್ದೀಯ. ವಾಸನೆ ಬರೋದು ಟೆಂಟಲ್ಲಿ ಇರಬಾರದು ಅಂತೀಯ, 63ನೇ ಸಾಲಲ್ಲಿ ನಾಲ್ಕು ದಿನ ಸ್ನಾನ ಇಲ್ಲ ಅಂತಾನೂ ಬರೆದಿದ್ದೀಯ."

"ಬೇರ್ ಸ್ಪ್ರೇ ಇರುತ್ತಲ್ಲ! ಖಾರದ ಹೊಗೆ, 30 ಅಡಿವರೆಗೂ ಹೋಗುತ್ತೆ. ಆದರೆ ನೆನಪಿರಲಿ, ಕರಡಿಯಿಂದ ಯಾವಾಗಲೂ 100 ಗಜ ದೂರ ಇರಬೇಕು ಅಂತ ಪಾರ್ಕಿನ ನಿಯಮ."

"ನೂರು ಗಜ ಅಂದರೆ 300 ಅಡಿ. ಸ್ಪ್ರೇ 30 ಅಡಿ. ಮಧ್ಯದ 270 ಅಡಿ ನಾನು ಏನು ಮಾಡಲಿ, ಅಷ್ಟೋತ್ತರ ಹೇಳ್ಕೊಂಡು ನಿಂತಿರಲಾ?"

ಕಿಟ್ಟಿ ಸೋಲಲಿಲ್ಲ. ಬ್ಯಾಂಫಿನಲ್ಲಿ ಲೇಕ್ ಲೂಯಿಸ್ ಹತ್ತಿರ ಟೆಂಟು ಹಾಕೋ ಜಾಗಕ್ಕೆ ಸುತ್ತಲೂ ಕರೆಂಟ್ ಬೇಲಿ ಇದೆ, ಭಯವೇ ಇಲ್ಲ ಅಂದ.

"ಬೇಲಿ ಒಳಗೆ ಯಾರು?"

"ನಾವು."

"ಹೊರಗೆ ಕರಡಿ. ಸರಿ ಬಿಡು, ನಮ್ಮನ್ನ ನೋಡೋಕೆ ಮರಿಗಳನ್ನೂ ಕರ್ಕೊಂಡು ಬರ್ತಾವೆ. ಕಡಲೆಕಾಯಿ ಎಸೀತಾವೋ ಏನೋ."

"ಒಳಗೇ ಮಲಗೋಕೆ ಜಾಗ ಇರೋ ದೊಡ್ಡ ಗಾಡಿ, ಆ ಆರ್‌ವಿ ಒಂದು ಬಾಡಿಗೆಗೆ ತಗೊಂಡ್ರೆ?" ಅಂದರು ಪದ್ಮಕ್ಕ. ಅದೂ ಆಗದಂತೆ. ಗ್ಲೇಸಿಯರಿನ ನಡುವೆ 50 ಮೈಲಿಯ ಗೋಯಿಂಗ್ ಟು ದಿ ಸನ್ ರಸ್ತೆ ಇದೆ. ನೆತ್ತಿಯಲ್ಲಿ ಲೋಗನ್ ಪಾಸ್, 6,646 ಅಡಿ. ಆ ಘಾಟಿಗೆ 21 ಅಡಿಗಿಂತ ಉದ್ದದ ಗಾಡಿ ಬಿಡೋದಿಲ್ಲ. "ಸೂರ್ಯನ ಹತ್ತಿರ ಹೋಗೋದು ಅಂತ ಹೆಸರಿಟ್ಟು ಅಡಿಕೋಲು ಹಿಡ್ಕೊಂಡು ನಿಂತಿದ್ದಾರಲ್ಲ," ಅಂದರು ಮೂರ್ತಿ.

ಮಾತು ಗಡಿಗೆ ಬಂತು. ಇಲ್ಲಿನ ಸೌದೆ ಕೆನಡಾಕ್ಕೆ ಒಯ್ಯುವ ಹಾಗಿಲ್ಲ, ತೊಗಟೆಯೊಳಗೆ ಹುಳ ಹೋಗುತ್ತೆ. ಬೇರ್ ಸ್ಪ್ರೇ ಒಯ್ಯಬಹುದು, ಆದರೆ ಡಬ್ಬಿ ಮೇಲೆ ಪ್ರಾಣಿಗೆ ಅಂತಲೇ ಬರೆದಿರಬೇಕು. ಮನುಷ್ಯರಿಗೆ ಹೊಡೆಯೋ ಪೆಪ್ಪರ್ ಸ್ಪ್ರೇ ಅಲ್ಲಿ ಅಪರಾಧ.

"1932ರಲ್ಲೇ ಎರಡೂ ಪಾರ್ಕ್ ಸೇರಿಸಿ ಶಾಂತಿ ಪಾರ್ಕ್ ಅಂತ ಮಾಡಿದ್ದಾರೆ, ಪ್ರಪಂಚದಲ್ಲೇ ಮೊದಲನೇದು!" ಕಿಟ್ಟಿ ಎದೆಯುಬ್ಬಿಸಿದ, ಅವನೇ ಸಹಿ ಹಾಕಿದ್ದವನ ಹಾಗೆ.

"ಶಾಂತಿ ಅಂದಮೇಲೆ ಗಡಿ ಕಾಣಿಸಬಾರದಲ್ಲ?"

"ಕಾಣುತ್ತೆ. ಕಾಡಿನ ಮಧ್ಯೆ 20 ಅಡಿ ಅಗಲಕ್ಕೆ ಮರ ಕಡಿದು ಬಿಟ್ಟಿದ್ದಾರೆ, ಬೆಟ್ಟ ಹತ್ತಿ ಇಳಿದು ನೇರಕ್ಕೆ ಹೋಗುತ್ತೆ."

"ಬೈತಲೆ ತೆಗೆದ ಹಾಗೆ," ಅಂದರು ಪದ್ಮಕ್ಕ.

"ಕರಡಿಗೆ ಅದೇನು ಲೆಕ್ಕ," ಮೂರ್ತಿ ಮುಂದುವರಿಸಿದರು. "ಬೆಳಿಗ್ಗೆ ಮೊಂಟಾನಾದಲ್ಲಿ ಹಕಲ್‌ಬೆರಿ ತಿಂಡಿ, ಸಂಜೆ ಆಲ್ಬರ್ಟಾದಲ್ಲಿ ಊಟ. ಏನು ತಂದಿದ್ದೀಯ, ಎಷ್ಟು ದಿನ ಇರ್ತೀಯ, ಯಾರೂ ಕೇಳಲ್ಲ."

ಅಷ್ಟೊತ್ತೂ ಸುಮ್ಮನೆ ಕೂತಿದ್ದ ವಾಸು ಬಾಯಿ ಬಿಟ್ಟ. "ನಾನು ವಾಟರ್ಟನ್‌ಗೆ ಬರಲ್ಲ ಕಿಟ್ಟಿ. ಗ್ಲೇಸಿಯರ್‌ವರೆಗೆ ಮಾತ್ರ. ಈಗ ಗಡಿ ದಾಟಬೇಡಿ ಅಂದಿದ್ದಾರೆ ವಕೀಲರು."

ಗ್ರೀನ್ ಕಾರ್ಡಿನ ಸಾಲಲ್ಲಿ ಅವನಿಗೆ ಹನ್ನೆರಡನೇ ವರ್ಷ. ತಂಗಿ ಮದುವೆ ಹೊತ್ತಿಗೂ ವಕೀಲರು ಇದನ್ನೇ ಅಂದಿದ್ದರು. ಮದುವೆಯನ್ನು ಅವನು ರಾತ್ರಿಯೆಲ್ಲ ಎದ್ದು ಫೋನಿನಲ್ಲಿ ನೋಡಿದ್ದ.

ಯಾರೂ ಮಾತಾಡಲಿಲ್ಲ. ಕಿಟ್ಟಿ ಎಕ್ಸೆಲ್ ಹಾಳೆಯನ್ನು ಮೇಲೆ ಕೆಳಗೆ ಎಳೆಯುತ್ತಾ ಕೂತ.

"ಗ್ಲೇಸಿಯರೇ ಸಾಕು ಬಿಡೋ," ಅಂದರು ಮೂರ್ತಿ ಮೆಲ್ಲಗೆ. "ಅಲ್ಲಿ ಹಿಮನದಿ ಎಷ್ಟಿವೆ?"

"1850ರ ಹೊತ್ತಿಗೆ ಸುಮಾರು 80 ಇತ್ತಂತೆ. 2015ರ ಲೆಕ್ಕಕ್ಕೆ 26."

"ಹಾಗಾದರೆ ಅದನ್ನೇ ಮೊದಲು ನೋಡಬೇಕು. ಕೆನಡಾ ಎಲ್ಲಿಗೆ ಹೋಗುತ್ತೆ."

ಕಿಟ್ಟಿ ವಾಟರ್ಟನ್ ಸಾಲುಗಳನ್ನು ಒಂದೊಂದೇ ಅಳಿಸತೊಡಗಿದ. ವಾಸು ಬೇಡವೋ ಅಂದರೂ ಕೇಳಲಿಲ್ಲ. ಬ್ಯಾಂಫೂ ಹೋಯಿತು, ಕರೆಂಟ್ ಬೇಲಿಯೂ ಹೋಯಿತು.

"ಬೇಲಿಯೂ ಇಲ್ಲವಾ ಈಗ?" ಮೂರ್ತಿ ಎದ್ದು ಬಂದು ಕಿಟ್ಟಿಯ ಹೆಗಲ ಮೇಲಿಂದ ಇಣುಕಿದರು. "ಆ ಕಬ್ಬಿಣದ ಪೆಟ್ಟಿಗೆ ಅಳತೆ ಎಷ್ಟು ಅಂತ ಸ್ವಲ್ಪ ನೋಡು. ಕಾಲು ಮಡಚಿಕೊಂಡರೆ ಗೊಜ್ಜಿನ ಪಕ್ಕ ನಾನೂ ಹಿಡಿಸಬಹುದು."