ಓದುಗರ ಸ್ಪಂದನ: ಶುಕ್ರವಾರ ಸೂರ್ಯ ಮುಳುಗುವ ಮುನ್ನ ಲಾರಿ ಎಲ್ಲಿರಬೇಕು?

ಕಳೆದ ಸಂಚಿಕೆಯಲ್ಲಿ ಯುವ ಲಾರಿ ಚಾಲಕರೊಬ್ಬರು ತಮ್ಮ ಇಕ್ಕಟ್ಟನ್ನು ತೋಡಿಕೊಂಡಿದ್ದರು. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್, ಅಂದರೆ ದುಡಿಮೆ ನಿಲ್ಲಿಸಿ ಆರಾಧನೆಗೆ ಮೀಸಲಿಡುವ ವಾರದ ವಿಶ್ರಾಂತಿಯ ದಿನ, ಆಚರಿಸುವ ಕ್ರೈಸ್ತ ಸಭೆಗೆ ಸೇರಿದ ಅವರದು ದೂರದೂರಿಗೆ ಸರಕು ಸಾಗಿಸುವ ಕೆಲಸ. ಶುಕ್ರವಾರ ಮಧ್ಯಾಹ್ನ ಬರುವ ಲೋಡನ್ನು ಬೇಡವೆಂದರೆ ಮುಂದಿನ ವಾರ ಒಳ್ಳೆಯ ಟ್ರಿಪ್ ಸಿಗುವುದಿಲ್ಲ. ‘ಕೆಲಸ ಬಿಡಲೇ ಅಥವಾ ಸಬ್ಬತ್ತನ್ನು ಭಾನುವಾರಕ್ಕೆ ಸರಿಸಿಕೊಳ್ಳಲೇ?’ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಮ್ಮಾ, ವಯಸ್ಸಿನಲ್ಲಿ ಹಿರಿಯನೆಂಬ ಸಲಿಗೆಯಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ. ನಿನ್ನ ಪತ್ರದ ತುಂಬ ಶುಕ್ರವಾರದ್ದೇ ಮಾತು. ಆದರೆ ತೊಂದರೆ ಹುಟ್ಟುವುದು ಬುಧವಾರ. ಬುಧವಾರ ಒಪ್ಪಿಕೊಂಡ ಲೋಡ್ ಎಲ್ಲಿ, ಯಾವ ಹೊತ್ತಿಗೆ ಇಳಿಯುತ್ತದೆ ಎಂಬುದರ ಮೇಲೆ ಶುಕ್ರವಾರ ಸಂಜೆ ನೀನು ಎಲ್ಲಿರುತ್ತೀಯ ಎಂಬುದು ತೀರ್ಮಾನವಾಗಿಬಿಟ್ಟಿರುತ್ತದೆ. ನಾನೂ ಸಬ್ಬತ್ ಪಾಲಿಸುತ್ತಲೇ ಸ್ಟೇರಿಂಗ್ ಹಿಡಿದು ನಿವೃತ್ತನಾದವನು. ಶುಕ್ರವಾರ ಬೆಳಗ್ಗೆಯೊಳಗೆ ಇಳಿಸಿ ಮುಗಿಯುವಂಥ ಲೋಡನ್ನಷ್ಟೇ ವಾರದ ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ರಸ್ತೆಯಲ್ಲಾಗುವ ತಡವನ್ನು ಅನುಭವದಿಂದ ಅಂದಾಜು ಮಾಡಬಹುದು. ಗೋದಾಮಿನ ಬಾಗಿಲಲ್ಲಾಗುವ ತಡವನ್ನು ಯಾವ ಅನುಭವಸ್ಥನೂ ಅಂದಾಜು ಮಾಡಲಾರ. ಮಧ್ಯಾಹ್ನ ಎರಡಕ್ಕೆ ಇಳಿಸುತ್ತೇವೆ ಎಂದವರು ಆರಕ್ಕೆ ಕೈ ಹಾಕಿದರೆ ನೀನು ಯಾರನ್ನು ಕೇಳುತ್ತೀಯ?

ಸರಕು ಯಾವುದೆಂಬುದೂ ಮುಖ್ಯ. ಹಾಲು, ಹಣ್ಣು, ಅಂಗಡಿಗಳಿಗೆ ಹೋಗುವ ದಿನಬಳಕೆಯ ಸಾಮಾನು, ಇವುಗಳಿಗೆ ವಾರದ ಎಲ್ಲ ದಿನವೂ ಒಂದೇ. ಕಾರ್ಖಾನೆಗೆ ಹೋಗುವ ಉಕ್ಕು, ಯಂತ್ರದ ಬಿಡಿಭಾಗ, ಕಟ್ಟಡ ಸಾಮಗ್ರಿ ಮುಂತಾದವನ್ನು ಸಾಮಾನ್ಯವಾಗಿ ಕೆಲಸದ ದಿನಗಳಲ್ಲೇ ಇಳಿಸಿಕೊಳ್ಳುತ್ತಾರೆ. ಟ್ರೈಲರ್ ಅಲ್ಲೇ ಬಿಟ್ಟು ಇನ್ನೊಂದನ್ನು ಕೊಂಡಿ ಹಾಕಿಕೊಂಡು ಹೊರಡುವ ವ್ಯವಸ್ಥೆಯಿದ್ದರೆ ಇನ್ನೂ ಒಳ್ಳೆಯದು, ಕಾಯುವ ಗೋಳೇ ಇಲ್ಲ. ಸ್ಫೋಟಕದಂಥ ಅಪಾಯಕಾರಿ ಸರಕಿನ ಸಹವಾಸ ಮಾತ್ರ ಬೇಡ. ಅದನ್ನು ಕಾವಲಿಲ್ಲದೆ ಬಿಟ್ಟು ಹೋಗುವಂತಿಲ್ಲ ಎಂಬ ನಿಯಮ ಹಲವು ಕಡೆ ಇದೆ. ಪ್ರಾರ್ಥನೆಗೆ ಹೋಗಬೇಕೆಂದರೂ ಲಾರಿ ಬಿಟ್ಟು ಇಳಿಯಲಾರೆ.

ಇನ್ನು ಸೂರ್ಯಾಸ್ತದ ಲೆಕ್ಕ. ಮನೆಯ ಗೋಡೆಯ ಮೇಲಿನ ಪಂಚಾಂಗ ಲಾರಿಯಲ್ಲಿ ನಡೆಯುವುದಿಲ್ಲ. ಪೂರ್ವಕ್ಕೆ ಒಂದು ಡಿಗ್ರಿ ರೇಖಾಂಶ ಸರಿದರೆ ಸೂರ್ಯ ಸುಮಾರು 4 ನಿಮಿಷ ಮೊದಲೇ ಮುಳುಗುತ್ತಾನೆ. ಸಮಭಾಜಕ ವೃತ್ತದ ಹತ್ತಿರ ಆ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. 60ನೇ ಅಕ್ಷಾಂಶದಲ್ಲಿ ಅದರ ಅರ್ಧ. ದಿನವಿಡೀ ಪೂರ್ವಕ್ಕೆ ಓಡಿಸಿದವನಿಗೆ ಬೆಳಗ್ಗೆ ಹಾಕಿದ ಲೆಕ್ಕದಲ್ಲಿ ಅರ್ಧ ಗಂಟೆ ಖೋತಾ ಆಗುವುದುಂಟು. 50ನೇ ಅಕ್ಷಾಂಶ ದಾಟಿದ ಉತ್ತರದ ನಾಡುಗಳಲ್ಲಿ ಡಿಸೆಂಬರ್ ಬಂತೆಂದರೆ ನಾಲ್ಕು ಗಂಟೆಯ ಆಸುಪಾಸಿನಲ್ಲೇ ಕತ್ತಲು. ಬೇಸಿಗೆಯ ಹೊಂದಾಣಿಕೆ ಚಳಿಗಾಲಕ್ಕೆ ನಿಲ್ಲುವುದಿಲ್ಲ ಎಂಬುದನ್ನು ಮಾಲೀಕನಿಗೆ ಬೇಸಿಗೆಯಲ್ಲೇ ಹೇಳಿಡು. ಬೇಗ ನಿಲ್ಲಿಸುವುದರಿಂದ ಒಂದು ಲಾಭವೂ ಇದೆ. ಲಾರಿ ನಿಲ್ಲಿಸುವ ತಾಣಗಳು ರಾತ್ರಿಯಾದಂತೆ ತುಂಬಿಹೋಗುತ್ತವೆ. ಸಂಜೆಗೆ ಮುಂಚೆ ಬಂದವನಿಗೆ ಬೆಳಕಿರುವ ಒಳ್ಳೆಯ ಜಾಗವೇ ಸಿಗುತ್ತದೆ.

– ನಿವೃತ್ತ ಚಾಲಕ

ಚಾಲಕರಿಗೆ ಲೋಡ್ ಹಂಚುವ ಕುರ್ಚಿಯಲ್ಲಿ ಕೂತಿರುವವಳು ನಾನು. ಅಂದರೆ ನಿಮ್ಮ ಪತ್ರದಲ್ಲಿ ಬೈಸಿಕೊಂಡ ಪಕ್ಷದವಳು. ನಿಮಗೊಂದು ಗುಟ್ಟು ಹೇಳುತ್ತೇನೆ. ನಮಗೆ ಕಷ್ಟವಾಗುವುದು ನಿಮ್ಮ ಸಬ್ಬತ್ತಿನಿಂದಲ್ಲ, ಶುಕ್ರವಾರ ಮೂರು ಗಂಟೆಗೆ ಬರುವ ನಿಮ್ಮ ಫೋನಿನಿಂದ. ‘ಪ್ರತಿ ವಾರ ಈ ಹೊತ್ತಿನಿಂದ ಈ ಹೊತ್ತಿನವರೆಗೆ ನಾನಿಲ್ಲ’ ಎಂದು ಮೊದಲೇ ಬರೆದುಕೊಟ್ಟ ಚಾಲಕನ ಸುತ್ತ ಯೋಜನೆ ಹಾಕುವುದು ಸುಲಭ. ಆ ವಾರ ಮಗುವಿಗೆ ಜ್ವರ, ಈ ವಾರ ನೆಂಟರ ಮದುವೆ ಎನ್ನುವವರಿಗಿಂತ ಎಷ್ಟೋ ವಾಸಿ.

ವಿಶ್ರಾಂತಿಯ ನಿಯಮವೂ ನಿಮ್ಮ ಪರವಾಗಿಯೇ ಇರಬಹುದು, ನೋಡಿಕೊಳ್ಳಿ. ಅಮೆರಿಕದಲ್ಲಿ ವಾರವಿಡೀ ಸಾಗುವ ಕಂಪನಿಗಳ ಚಾಲಕರಿಗೆ 8 ದಿನಗಳಲ್ಲಿ 70 ಗಂಟೆಯ ಕೆಲಸದ ಮಿತಿ ಇದೆ. ಸತತ 34 ಗಂಟೆ ಬಿಡುವು ತೆಗೆದುಕೊಂಡರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಶುಕ್ರವಾರ ಸಂಜೆ ಆರಕ್ಕೆ ನಿಲ್ಲಿಸಿದವರಿಗೆ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಪೂರ್ತಿ ಗಂಟೆಗಳು ಕೈಯಲ್ಲಿರುತ್ತವೆ. ಶನಿವಾರ ರಾತ್ರಿಯೇ ಹೊರಟರೆ ಈ ಲಾಭವಿಲ್ಲ. ಆದ್ದರಿಂದ ‘ಸೂರ್ಯ ಮುಳುಗಿದ ಕೂಡಲೇ ಹೊರಡುತ್ತೇನೆ’ ಎಂದು ಮಾಲೀಕರನ್ನು ಮೆಚ್ಚಿಸಲು ಹೋಗಬೇಡಿ. ‘ಭಾನುವಾರ ನಸುಕಿಗೆ ಯಾರೂ ಒಪ್ಪದ ಲೋಡ್ ನನಗೆ ಕೊಡಿ’ ಎಂದು ಕೇಳಿ. ಆ ಮಾತು ಕೇಳಿದರೆ ನನ್ನಂಥವರು ಕುರ್ಚಿಯಿಂದ ಎದ್ದು ನಿಲ್ಲುತ್ತೇವೆ.

ಯುರೋಪಿನಲ್ಲಿ ಕತೆ ಬೇರೆ. ಪೂರ್ಣ ವಾರದ ವಿಶ್ರಾಂತಿ ಎಂದರೆ ಅಲ್ಲಿ 45 ಗಂಟೆ, ಮತ್ತು ಅದನ್ನು ಲಾರಿಯ ಕ್ಯಾಬಿನ್ನಿನಲ್ಲಿ ಕಳೆಯುವಂತಿಲ್ಲ. ಜರ್ಮನಿಯಲ್ಲಿ 7.5 ಟನ್ ಮೀರಿದ ಲಾರಿಗಳು ಭಾನುವಾರ ರಾತ್ರಿ ಹತ್ತರವರೆಗೆ ರಸ್ತೆಗೆ ಇಳಿಯುವಂತಿಲ್ಲ, ವಿನಾಯಿತಿ ಇರುವ ಕೆಲವು ಸರಕುಗಳನ್ನು ಬಿಟ್ಟರೆ. ಶನಿವಾರ ನೀವು ಓಡಿಸುವುದಿಲ್ಲ, ಭಾನುವಾರ ಸರ್ಕಾರ ಓಡಿಸಲು ಬಿಡುವುದಿಲ್ಲ. ಅಂಥ ಕಡೆ ದೂರದ ಓಟಕ್ಕೆ ಸೇರುವ ಮುನ್ನ ಸಂಬಳದ ಲೆಕ್ಕವನ್ನು ಐದು ದಿನಕ್ಕೇ ಹಾಕಿ ನೋಡಿ.

– ಸಾಗಣೆ ಕಚೇರಿಯ ಉದ್ಯೋಗಿ

ನೀವು ಬಿಟ್ಟ ಶನಿವಾರದ ಲೋಡನ್ನು ಎಳೆಯುವವನು ನನ್ನಂಥವನು. ಯಾರೂ ನನ್ನ ಮಾತು ಕೇಳದಿರುವುದರಿಂದ ನಾನಾಗಿಯೇ ಬರೆಯುತ್ತಿದ್ದೇನೆ. ನಿಮ್ಮ ನಂಬಿಕೆ ನನ್ನದಲ್ಲ, ಅದರ ಬಗ್ಗೆ ತಕರಾರೂ ಇಲ್ಲ. ಆದರೆ ನನಗೂ ಹಬ್ಬಗಳಿವೆ, ಮಕ್ಕಳ ಶಾಲೆಯ ಕಾರ್ಯಕ್ರಮಗಳಿವೆ. ನನ್ನ ಹಬ್ಬದ ದಿನ ಓಡಿಸಲು ನೀವೇ ಮುಂದೆ ಬಂದು ಹೆಸರು ಕೊಡಿ, ಮಾಲೀಕರ ಮೂಲಕ ಹೇಳಿಸಬೇಡಿ. ಶುಕ್ರವಾರ ಸಂಜೆ ಕೀಲಿ ನನ್ನ ಕೈಗಿಡುವಾಗ ಡೀಸೆಲ್ ತುಂಬಿಸಿ, ಟೈರ್ ನೋಡಿ ಕೊಡಿ. ಮತ್ತೆ, ಶನಿವಾರ ದುಡಿಯುವವನ ಮುಂದೆ ವಿಶ್ರಾಂತಿಯ ಮಹಿಮೆಯನ್ನು ಹಾಡಬೇಡಿ.

– ಇನ್ನೊಬ್ಬ ಚಾಲಕ

ಪ್ರಿಯ ಸಹೋದರರೇ, ಸಬ್ಬತ್ತನ್ನು ಭಾನುವಾರಕ್ಕೆ ಸರಿಸಿಕೊಳ್ಳಲೇ ಎಂದು ಕೇಳಿದ್ದೀರಿ. ಅನುಕೂಲಕ್ಕಾಗಿ ಸರಿಸಿದ ದಿನ ಮುಂದಿನ ತಿಂಗಳು ಸೋಮವಾರಕ್ಕೂ ಸರಿದೀತು. ನಿಮ್ಮ ಮನಸ್ಸು ಒಪ್ಪದಿರುವುದರಿಂದಲೇ ಅಲ್ಲವೇ ನೀವು ಪತ್ರ ಬರೆದದ್ದು?

ಬೈಬಲಿನಲ್ಲಿ ನೆಹೆಮೀಯನ ಗ್ರಂಥದ 13ನೇ ಅಧ್ಯಾಯವನ್ನು ಒಮ್ಮೆ ಓದಿ. ಅದು ಸರಕು ಸಾಗಿಸುವವರ ಅಧ್ಯಾಯವೇ ಸರಿ. ಸಬ್ಬತ್ ದಿನ ಕತ್ತೆಗಳ ಮೇಲೆ ಧಾನ್ಯ ಹೇರಿಕೊಂಡು, ದ್ರಾಕ್ಷಿ, ಅಂಜೂರ ಹೊತ್ತು ಯೆರೂಸಲೇಮಿಗೆ ಬರುತ್ತಿದ್ದವರನ್ನು ಕಂಡ ನೆಹೆಮೀಯ ಊರಬಾಗಿಲುಗಳನ್ನು ಮುಚ್ಚಿಸುತ್ತಾನೆ. ಮುಚ್ಚಿಸುವುದು ಯಾವಾಗ? ಸಬ್ಬತ್ತಿಗೆ ಮುಂಚೆ, ಬಾಗಿಲಲ್ಲಿ ಕತ್ತಲು ಕವಿಯುತ್ತಿರುವಾಗಲೇ. ವ್ಯಾಪಾರಿಗಳು ಒಂದೆರಡು ಸಲ ಗೋಡೆಯ ಹೊರಗೆ ಸರಕು ಇಟ್ಟುಕೊಂಡು ರಾತ್ರಿ ಕಳೆಯುತ್ತಾರೆ, ಅವನು ಗದರಿಸಿದ ಮೇಲೆ ಬರುವುದನ್ನೇ ಬಿಡುತ್ತಾರೆ. ಆ ವ್ಯಾಪಾರಿಗಳ ಮೇಲೆ ನನಗೆ ಸ್ವಲ್ಪ ಕನಿಕರವಿದೆ. ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲವೇನೋ.

ಕೆಲವರು ‘ಇಬ್ಬರು ಚಾಲಕರ ಲಾರಿಗೆ ಸೇರಿಕೋ, ಸಬ್ಬತ್ತಿನಲ್ಲಿ ಇನ್ನೊಬ್ಬ ಓಡಿಸಲಿ, ನೀನು ಹಿಂದೆ ಮಲಗು’ ಎಂದು ಸಲಹೆ ಕೊಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಸ್ವಂತ ಲಾರಿಯನ್ನು ಆ ದಿನ ಬೇರೆಯವನ ಕೈಗೆ ಕೊಟ್ಟು ಬಾಡಿಗೆ ಎಣಿಸುವುದೂ ಒಪ್ಪಿಗೆಯಿಲ್ಲ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಆಜ್ಞೆಯನ್ನು ಹೇಳುವಾಗ ದಾಸದಾಸಿಯರ ಹೆಸರಿದೆ, ಎತ್ತು ಕತ್ತೆಗಳ ಹೆಸರೂ ಇದೆ. ಹೊರೆ ಹೊರುವ ಪ್ರಾಣಿಗೂ ಬಿಡುವು ಕೊಡೆಂದ ಮೇಲೆ ಹೊರೆ ಹೊರುವ ಲಾರಿಗೆ ಯಾಕೆ ಬೇಡ? ಈ ವಿಷಯದಲ್ಲಿ ನಮ್ಮ ಸಭೆಯಲ್ಲೇ ಭಿನ್ನಾಭಿಪ್ರಾಯವಿದೆ, ಬಲ್ಲೆ. ಇನ್ನು ದಾರಿಯಲ್ಲಿ ಅಪಘಾತ ಕಂಡರೆ, ಲಾರಿಯಲ್ಲಿ ಜೀವವಿರುವ ದನಕರುಗಳಿದ್ದು ಅವಕ್ಕೆ ನೀರು ಬೇಕಿದ್ದರೆ ನನ್ನನ್ನು ಕೇಳುತ್ತಾ ಕೂರಬೇಡಿ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ತಿನಲ್ಲಿ ಎತ್ತುವುದಿಲ್ಲವೇ ಎಂದು ಕರ್ತನಾದ ಯೇಸುವೇ ಕೇಳಿದ್ದಾನೆ. ಪ್ರಾಣ ಉಳಿಸಬೇಕಾದಾಗ ಸಬ್ಬತ್ತಿನ ನಿಯಮಗಳು ಸಡಿಲವಾಗುತ್ತವೆ ಎಂದು ಯೆಹೂದ್ಯರ ಗುರುಗಳೂ ಹೇಳುತ್ತಾರೆ.

– ಸಭಾಪಾಲಕ

ಯಾವ ದೇಶದಲ್ಲಿ ಕೆಲಸ ಎಂದು ಪತ್ರದಲ್ಲಿಲ್ಲ. ಕಾನೂನಿನ ಉತ್ತರ ಅದರ ಮೇಲೆಯೇ ನಿಂತಿದೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ ಉದ್ಯೋಗಿಯ ಧಾರ್ಮಿಕ ಆಚರಣೆಗೆ ಮಾಲೀಕರು ಅನುಕೂಲ ಮಾಡಿಕೊಡಬೇಕು. ಆದರೆ 1977ರಲ್ಲಿ ಶನಿವಾರದ ಸಬ್ಬತ್ ಪಾಲಿಸುತ್ತಿದ್ದ, ವಿಮಾನ ಸಂಸ್ಥೆಯೊಂದರ ನೌಕರ ಹಾರ್ಡಿಸನ್ ಅವರ ಮೊಕದ್ದಮೆಯಲ್ಲಿ, ಅತ್ಯಲ್ಪಕ್ಕಿಂತ ಹೆಚ್ಚು ಖರ್ಚು ಬಂದರೂ ಅದು ಮಾಲೀಕನಿಗೆ ಅನುಚಿತ ಹೊರೆ ಎಂಬ ಮಾತು ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಬಂತು. 2023ರಲ್ಲಿ ಭಾನುವಾರ ದುಡಿಯಲು ಒಪ್ಪದ ಅಂಚೆ ನೌಕರ ಗ್ರಾಫ್ ಅವರ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅಳತೆಯನ್ನು ಬಿಗಿಗೊಳಿಸಿತು. ಸಂಸ್ಥೆಯ ವ್ಯವಹಾರಕ್ಕೆ ಹೋಲಿಸಿದರೆ ಗಣನೀಯ ಎನ್ನುವಷ್ಟು ಹೊರೆ ಬೀಳುತ್ತದೆಂದು ಈಗ ಮಾಲೀಕರೇ ತೋರಿಸಬೇಕು. ಈ ರಕ್ಷಣೆ 15 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳ ಉದ್ಯೋಗಿಗಳಿಗೆ. ಸ್ವಂತ ಲಾರಿ ಇಟ್ಟುಕೊಂಡು ಗುತ್ತಿಗೆಯ ಮೇಲೆ ಓಡಿಸುವವರಿಗೆ ಸಾಮಾನ್ಯವಾಗಿ ಇದಿಲ್ಲ. ಅವರಿಗೆ ಲೋಡನ್ನು ಬೇಡವೆನ್ನುವ ಸ್ವಾತಂತ್ರ್ಯವೇ ರಕ್ಷಣೆ.

ಎಲ್ಲೆಡೆ ಹೀಗಿಲ್ಲ. ಫಿನ್‌ಲೆಂಡಿನ ರೈಲ್ವೆ ನೌಕರ ಕೊಂಟ್ಟಿನೆನ್, ಶನಿವಾರ ಸಬ್ಬತ್ ಪಾಲಿಸುವ ಅಡ್ವೆಂಟಿಸ್ಟ್ ಸಭೆಯವರು. ಪಾಳಿ ಮುಗಿಯುವ ಮುನ್ನವೇ ಸೂರ್ಯ ಮುಳುಗುತ್ತಿದ್ದ ಶುಕ್ರವಾರಗಳಲ್ಲಿ ಕೆಲಸ ಬಿಟ್ಟು ಹೊರಟದ್ದಕ್ಕೆ ವಜಾಗೊಂಡರು. 1996ರಲ್ಲಿ ಯುರೋಪಿನ ಮಾನವ ಹಕ್ಕುಗಳ ಆಯೋಗ ಅವರ ದೂರನ್ನು ವಿಚಾರಣೆಗೆ ಅಂಗೀಕರಿಸಲಿಲ್ಲ. ಬೇಡವಾದರೆ ರಾಜೀನಾಮೆ ಕೊಡಲು ಅವರು ಸ್ವತಂತ್ರರಾಗಿದ್ದರು ಎಂಬುದು ಆಯೋಗದ ತರ್ಕ. ಕಠಿಣ ತರ್ಕ, ನನಗೆ ಹಿಡಿಸದ್ದು. ಆದರೂ ಕೋರಿಕೆಯನ್ನು ಲಿಖಿತವಾಗಿ ಕೊಟ್ಟು, ಉತ್ತರವನ್ನೂ ಲಿಖಿತವಾಗಿ ಪಡೆಯದೆ ಶುಕ್ರವಾರ ಲಾರಿ ನಿಲ್ಲಿಸಿ ಇಳಿದುಬಿಡಬೇಡಿ ಎನ್ನಲು ಇಷ್ಟು ಸಾಕು.

– ವಕೀಲೆ

ಎಲ್ಲರೂ ಲಾರಿ ಎಲ್ಲಿ ನಿಲ್ಲಬೇಕೆಂದು ಹೇಳುತ್ತಾರೆ ಎಂದು ಊಹಿಸಿ ಬೇರೊಂದು ಮಾತು ಬರೆಯುತ್ತಿದ್ದೇನೆ. ನನ್ನ ಪತಿ ದೂರದ ಓಟದಲ್ಲಿದ್ದಾಗ ಒಂದು ಸಬ್ಬತ್ತೂ ತಪ್ಪಿಸಲಿಲ್ಲ. ಆದರೆ ಹೆಚ್ಚಿನವನ್ನು ಅಪರಿಚಿತ ತಾಣಗಳಲ್ಲಿ, ಇಂಜಿನ್ ಸದ್ದಿನ ನಡುವೆ, ಮೊಬೈಲಿನಲ್ಲಿ ಆರಾಧನೆ ಕೇಳುತ್ತಾ ಒಬ್ಬರೇ ಕಳೆದರು. ನಿಯಮ ಉಳಿಯಿತು. ಸಭೆಯಲ್ಲಿ ಅವರ ಮುಖ ಮಾತ್ರ ಎಲ್ಲರಿಗೂ ಮರೆತುಹೋಯಿತು. ಕೊನೆಗೆ ದಿನವೂ ಮನೆಗೆ ಮರಳುವ ಹತ್ತಿರದ ಓಟಕ್ಕೆ ಬದಲಾಯಿಸಿಕೊಂಡರು. ಆದಾಯ ಇಳಿಯಿತು, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ಖರ್ಚುಗಳನ್ನು ಮುಂದಕ್ಕೆ ಹಾಕಿದೆವು, ನಾನೂ ಕೆಲಸಕ್ಕೆ ಸೇರಿದೆ.

ನಿಮ್ಮ ಪತ್ರದಲ್ಲಿ ಮಾಲೀಕರ ಮಾತಿದೆ, ತಂದೆಯವರ ಮಾತಿದೆ. ಮನೆಯಾಕೆ ಇದ್ದಾರೆಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಸಂಬಳ ಇಳಿದರೆ ಮನೆ ನಡೆಸುವವರು ಅವರು, ಶನಿವಾರ ಮಕ್ಕಳನ್ನು ಒಬ್ಬರೇ ಆರಾಧನೆಗೆ ಕರೆದೊಯ್ಯುವವರೂ ಅವರು. ಇನ್ನೊಮ್ಮೆ ಬರೆಯುವುದಾದರೆ ಅವರು ಏನನ್ನುತ್ತಾರೆಂದು ತಿಳಿಸಿ.

– ಚಾಲಕರೊಬ್ಬರ ಪತ್ನಿ