ಬೆಳಿಗ್ಗೆ ಸೆಲ್ಫ್ ತಿರುಗ್ತದೆ, ಗಾಡಿ ಹಿಡಿಯಲ್ಲ: ಹಳೇ ಡೀಸೆಲ್ ಜೀಪು

ಅಂಗಳದ ಜೀಪು:
ಹಳೇ ಡಿ.ಐ. (ಡೀಸೆಲ್ ನೇರ ಸಿಲಿಂಡರಿಗೇ ಚಿಮ್ಮೋ) ಡೀಸೆಲ್ ಜೀಪು, ರೋಟರಿ ಪಂಪು (ತಿರುಗ್ತಾ ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕಳಿಸೋದು), ಕಂಪ್ಯೂಟರ್ ಗಿಂಪ್ಯೂಟರ್ ಏನಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಊರು. 15 ದಿನದಿಂದ ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ. ಸೆಲ್ಫ್ ಜೋರಾಗೇ ತಿರುಗ್ತದೆ, ಬ್ಯಾಟರಿ 12.6 ವೋಲ್ಟ್ ಇದೆ. ಸೈಲೆನ್ಸರಿನಲ್ಲಿ ಒಂದೆಳೆ ಹೊಗೆಯೂ ಬರಲ್ಲ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪು 30-40 ಸಲ ಒತ್ತಿದರೆ ಹಿಡೀತದೆ, ಆಮೇಲೆ ಸಂಜೆವರೆಗೂ ತಕರಾರಿಲ್ಲ. ಫಿಲ್ಟರ್ ಹಾಕಿಸಿ 3 ವಾರ ಆಯ್ತು. ಶೆಡ್ಡಿನಲ್ಲಿ ಪಂಪು, ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋದು) ಎರಡೂ ಬಿಚ್ಚಬೇಕು ಅಂತಿದಾರೆ. ಅದಕ್ಕೆ ಮುಂಚೆ ಏನು ನೋಡಬಹುದು?

ಪಂಪ್ ಶೆಡ್ಡು, ಸಾಗರ:
ಪಂಪಿಗೆ, ನಾಝಲ್ಲಿಗೆ ಸದ್ಯಕ್ಕೆ ಕೈ ಹಾಕಿಸಬೇಡಿ. ಸವೆದ ರೋಟರಿ ಪಂಪು ಸಾಮಾನ್ಯವಾಗಿ ಎಂಜಿನ್ ಬಿಸಿ ಇದ್ದಾಗ ಕಾಡ್ತದೆ, ಯಾಕಂದ್ರೆ ಬಿಸಿ ಡೀಸೆಲ್ ತೆಳುವಾಗಿ ಸಂದಿಯಲ್ಲಿ ಜಾರಿಹೋಗ್ತದೆ. ನಿಮ್ಮದು ಉಲ್ಟಾ. ಹೊಗೆಯೇ ಇಲ್ಲ ಅಂದ್ರೆ ಸಿಲಿಂಡರಿಗೆ ಡೀಸೆಲ್ ಹೋಗ್ತಿಲ್ಲ. ಬಿಳಿ ಹೊಗೆ ಬಂದು ಹಿಡಿಯದಿದ್ದರೆ ಆಗ ಹೀಟರ್ (ಸ್ಟಾರ್ಟಿಗೆ ಮುಂಚೆ ಬಿಸಿ ಮಾಡೋದು), ಕಂಪ್ರೆಶನ್, ಟೈಮಿಂಗ್ ಕಡೆ ನೋಡಬೇಕಿತ್ತು.

ಕೀ ಆನ್ ಮಾಡಿದಾಗ ಪಂಪಿನ ಸ್ಟಾಪ್ ಸೋಲೆನಾಯ್ಡ್ (ಡೀಸೆಲ್ ಬಿಡೋ, ತಡೆಯೋ ಕರೆಂಟ್ ವಾಲ್ವು) 'ಟಿಕ್' ಅನ್ನಬೇಕು. ಅದು ಕೆಟ್ಟಿದ್ದರೆ ಹ್ಯಾಂಡ್ ಪಂಪು ಎಷ್ಟು ಒತ್ತಿದರೂ ಗಾಡಿ ಹಿಡೀತಿರಲಿಲ್ಲ, ಹಾಗಾಗಿ ಅದನ್ನ ಬಿಡಿ. ರಾತ್ರಿ ಟ್ಯಾಂಕಿನಿಂದ ಪಂಪಿಗೆ ಬರೋ ಲೈನಿನಲ್ಲಿರೋ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳೀತಿದೆ, ಆ ಜಾಗಕ್ಕೆ ಏರ್ ಬರ್ತಿದೆ. ರಾತ್ರಿ ಗಾಡಿ ಹೇಗೆ ನಿಲ್ಲಿಸ್ತೀರಿ?

ಅಂಗಳದ ಜೀಪು:
ನಮ್ಮಲ್ಲಿ ಸಮತಟ್ಟು ಎಲ್ಲಿ ಮಾರಾಯ್ರೇ. ಮನೆ ದಿಬ್ಬದ ಮೇಲಿದೆ, ಮೂತಿ ಮೇಲೆ.

ಪಂಪ್ ಶೆಡ್ಡು, ಸಾಗರ:
ಅದೇ. ಇವತ್ತು ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಗೇರಲ್ಲಿಟ್ಟು ಹಿಂದೂ ಮುಂದೂ ಕಲ್ಲು ಕೊಡಿ. ಟ್ಯಾಂಕ್ ಹಿಂದಿದೆ, ಆಗ ಅದು ಪಂಪಿಗಿಂತ ಎತ್ತರಕ್ಕೆ ಬರ್ತದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಹಿಡಿದರೆ ಏರ್ ಲೀಕೇಜು ಅಂತ ನಂಬಬಹುದು. ಇನ್ನೊಂದು ಉಪಯೋಗ ಉಂಟು: ಎಂಜಿನ್ ಓಡುವಾಗ ಈ ಲೈನು ಎಳೆಯುವ ಲೈನು, ಸಣ್ಣ ತೂತಿದ್ದರೆ ಗಾಳಿ ಒಳಗೆ ಹೋಗ್ತದೆ ಹೊರತು ಡೀಸೆಲ್ ಹೊರಗೆ ತೊಟ್ಟಿಕ್ಕಲ್ಲ. ಅದಕ್ಕೇ ಎಷ್ಟು ಹುಡುಕಿದರೂ ಒದ್ದೆ ಕಾಣಲ್ಲ. ಟ್ಯಾಂಕ್ ಎತ್ತರದಲ್ಲಿದ್ದರೆ ಅದೇ ತೂತಲ್ಲಿ ಡೀಸೆಲ್ ಹೊರಗೆ ಜಿನುಗ್ತದೆ. ಜಾಯಿಂಟುಗಳನ್ನ ಒರೆಸಿ ಮುಖಕ್ಕೆ ಹಾಕೋ ಪೌಡರ್ ಉದುರಿಸಿಡಿ. ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದರೆ ಜಿನುಗಿದ ಕಡೆ ಪೌಡರು ಕಪ್ಪಾಗಿ ಅಂಟಿರ್ತದೆ.

ಮೊದಲ ಅನುಮಾನ ಫಿಲ್ಟರಿನ ಮೇಲೆ. ಹಾಕಿಸಿದ್ದು 3 ವಾರದ ಹಿಂದೆ, ತೊಂದರೆ 15 ದಿನದಿಂದ. ಹಳೇ ರಬ್ಬರ್ ರಿಂಗು ಹೆಡ್ಡಿಗೆ ಅಂಟಿಕೊಂಡಿರ್ತದೆ, ಅದರ ಮೇಲೇ ಹೊಸದು ಕೂರಿಸಿಬಿಡ್ತಾರೆ. ಬ್ಯಾಂಜೋ ಬೋಲ್ಟಿನ (ಪೈಪನ್ನ ಫಿಲ್ಟರಿಗೆ ಹಿಡಿಯೋ, ಒಳಗೆ ಟೊಳ್ಳಿರೋ ಬೋಲ್ಟು) ತಾಮ್ರದ ವಾಷರನ್ನೂ ಬಿಚ್ಚಿದಾಗೆಲ್ಲ ಹೊಸದು ಹಾಕಬೇಕು, 4 ವಾಷರಿಗೆ ದೊಡ್ಡ ದುಡ್ಡೇನಲ್ಲ.

ಹುಲಿಕಲ್ ಘಾಟಿ:
ಜೊತೆಗೆ ನೀರನ್ನೂ ನೋಡಿಬಿಡಿ. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ. ಅರ್ಧ ಖಾಲಿ ಟ್ಯಾಂಕಿನೊಳಗೆ ಗಾಳಿ ತಣ್ಣಗಾಗಿ ಗೋಡೆಗೆ ನೀರು ಕಟ್ಟುತ್ತದೆ, ಮುಚ್ಚಳದ ರಬ್ಬರ್ ಹೋಗಿದ್ದರೆ ಮಳೆ ನೀರೂ ಇಳೀತದೆ. ಫಿಲ್ಟರ್ ಕೆಳಗಿನ ಡ್ರೈನ್ ಸಡಿಲಿಸಿ 200 ಮಿ.ಲೀ. ಗಾಜಿನ ಬಾಟ್ಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ಡೀಸೆಲ್ ಹಗುರ, ನೀರಿದ್ದರೆ ಅಡಿಯಲ್ಲಿ ಗೆರೆ ಕೊಯ್ದ ಹಾಗೆ ನಿಲ್ತದೆ. ಆ ಗೆರೆಯ ಹತ್ತಿರ ಕಪ್ಪು ಲೋಳೆ ಕಂಡರೆ ಅದು ನೀರು-ಡೀಸೆಲ್ ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿ. ಆಗ ಫಿಲ್ಟರ್ ಒಂದೇ ಬದಲಿಸಿ ಪ್ರಯೋಜನ ಇಲ್ಲ, ಟ್ಯಾಂಕನ್ನೇ ಇಳಿಸಿ ತೊಳೀಬೇಕು.

ಈಥರ್ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡೋ ಯೋಚನೆ ಮಾತ್ರ ಬೇಡ. ಹೀಟರ್ ಇರೋ ಎಂಜಿನ್ನಿಗೆ ಅದು ಅಪಾಯ. ಸೆಲ್ಫೂ ಒಂದು ಸಲಕ್ಕೆ 10 ಸೆಕೆಂಡ್ ಸಾಕು, ಮಧ್ಯೆ ಒಂದು ನಿಮಿಷ ಬಿಡಿ.

ಅಂಗಳದ ಜೀಪು:
ಮೂತಿ ಕೆಳಗೆ ಮಾಡಿದ್ದೆ, ಮುಟ್ಟಿದ್ದೇ ತಡ ಹಿಡೀತು. ನೀರಿಲ್ಲ. ಫಿಲ್ಟರ್ ರಿಂಗು ಒಂದೇ ಇದೆ, ವಾಷರ್ ಹೊಸದು ಹಾಕಿದೆ. ಮತ್ತೆ ಮೂತಿ ಮೇಲೆ ನಿಲ್ಲಿಸಿದರೆ ಅದೇ ಕಥೆ! ಪೌಡರ್ ಎಲ್ಲೂ ಒದ್ದೆಯಾಗಿಲ್ಲ.

ಪಂಪ್ ಶೆಡ್ಡು, ಸಾಗರ:
ಹಾಗಾದ್ರೆ ತೂತು ಪೌಡರ್ ಹಾಕದ ಕಡೆ ಇದೆ. ಎಂಟಿಂಚು ಪಾರದರ್ಶಕ ಪೈಪು ತಗೊಂಡು ಫಿಲ್ಟರಿಗೆ ಬರೋ ಲೈನಿನಲ್ಲಿ ಸೇರಿಸಿ, ಎರಡೂ ಕಡೆ ಕ್ಲಿಪ್ಪು. ಎಂಜಿನ್ ಓಡಿಸಿ ನೋಡಿ. ಅಲ್ಲೇ ಗುಳ್ಳೆ ಬರ್ತಿದ್ದರೆ ತಪ್ಪು ಫಿಲ್ಟರಿಗಿಂತ ಹಿಂದೆ, ಟ್ಯಾಂಕಿನ ಕಡೆ. ಅಲ್ಲಿ ಚೊಕ್ಕ ಇದ್ದರೆ ಅದೇ ತುಂಡನ್ನ ಫಿಲ್ಟರಿಗೂ ಪಂಪಿಗೂ ಮಧ್ಯೆ ಹಾಕಿ. ರಿಟರ್ನ್ ಲೈನಿನ (ಮಿಕ್ಕ ಡೀಸೆಲ್ ವಾಪಸ್ ಹೋಗೋ ಲೈನು) ಸಣ್ಣ ರಬ್ಬರನ್ನೂ ಬಗ್ಗಿಸಿ ನೋಡಿ, ಮಳೆಗಾಲದಲ್ಲಿ ಇಲಿ ಬೆಚ್ಚಗಿನ ಬಾನೆಟ್ಟು ಸೇರಿ ಮೊದಲು ಕಚ್ಚೋದು ಅದನ್ನೇ.

ಅಂಗಳದ ಜೀಪು:
ಫಿಲ್ಟರಿಗೆ ಮೊದಲೇ ಗುಳ್ಳೆ, ಸಾಸಿವೆ ಕಾಳಿನಷ್ಟು, ಸಾಲಾಗಿ. ಕೆಳಗೆ ಮಲಗಿ ನೋಡಿದೆ. ಚಾಸಿಗೆ ಕಬ್ಬಿಣದ ಪೈಪು ಹಿಡಿದಿರೋ ಪಟ್ಟಿಯ ಹಿಂದೆ ಕೆಸರು ಗಟ್ಟಿಯಾಗಿ ಕೂತಿತ್ತು. ಕೆರೆದರೆ ಪೈಪು ತುಕ್ಕು ಹಿಡಿದು ಹಪ್ಪಳದ ಹಾಗೆ ಎದ್ದುಬಂತು.

ಪಂಪ್ ಶೆಡ್ಡು, ಸಾಗರ:
ಸಿಕ್ತಲ್ಲ. ಎಂ-ಸೀಲ್ ಮೆತ್ತಬೇಡಿ, ಅಲುಗಾಟಕ್ಕೆ ಬಿಡ್ತದೆ. ಗಟ್ಟಿ ಲೋಹ ಸಿಗೋವರೆಗೆ ಕೊಯ್ದು ತೆಗೆದು, ಅಂಚು ಅರದಲ್ಲಿ ಉಜ್ಜಿ, ಅದೇ ಅಳತೆಯ ಡೀಸೆಲ್ ಹೋಸು ಎರಡೂ ಕಡೆ ಒಂದೊಂದು ಇಂಚು ಒಳಗೆ ಹೋಗುವಂತೆ ಹಾಕಿ. ನೀರಿನ ಪೈಪು ಬೇಡ, ಡೀಸೆಲಿಗೆ ಗಟ್ಟಿಯಾಗಿ ಸೀಳ್ತದೆ. ಆ ಪಾರದರ್ಶಕ ತುಂಡನ್ನೂ ತೆಗೆದುಬಿಡಿ.

ಆಮೇಲೆ ಏರ್ ತೆಗೀರಿ: ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರೋತನಕ ಹ್ಯಾಂಡ್ ಪಂಪು ಒತ್ತಿ, ಒತ್ತಿ ಹಿಡಿದಾಗಲೇ ಸ್ಕ್ರೂ ಬಿಗಿ ಮಾಡಿ. ಇಷ್ಟಕ್ಕೂ ಹಿಡಿಯದಿದ್ದರೆ ಎರಡು ನಾಝಲ್ಲಿನ ಪೈಪ್ ನಟ್ಟು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೀರಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಬೆರಳು ಅಡ್ಡ ಹಿಡೀಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ತದೆ.

ಹುಲಿಕಲ್ ಘಾಟಿ:
ಇದನ್ನ ಓದಿ ಕಾಮನ್ ರೈಲ್ (ಎಲ್ಲ ನಾಝಲ್ಲಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಹೋಗೋ, ಕಂಪ್ಯೂಟರ್ ಇರೋ) ಗಾಡಿಯವರು ನಾಝಲ್ ಪೈಪು ಸಡಿಲಿಸೋಕೆ ಹೋಗಬೇಡಿ. ಅದರಲ್ಲಿ ಒತ್ತಡ 1,000 ಬಾರ್ ದಾಟ್ತದೆ. ಅಲ್ಲಿ ಫಿಲ್ಟರ್‌ವರೆಗೆ ಮಾತ್ರ ಕೈ, ಮುಂದಿನದು ಸ್ಕ್ಯಾನರಿನಲ್ಲಿ ರೈಲ್ ಪ್ರೆಶರ್ ನೋಡಿಯೇ.